ಕೊಚರಬಿನ ಅಡುಗೆಮನೆ: ಊರಿಗೆ ಮರಳಿದ ಒಂದು ಕುಟುಂಬದ ಕಥೆ

1915ರ ಜನವರಿ 9ರಂದು ಮುಂಬಯಿಯ ಅಪೊಲೊ ಬಂದರಿನಲ್ಲಿ ಮೋಹನದಾಸ ಕರಮಚಂದ ಗಾಂಧಿ ಮತ್ತು ಕಸ್ತೂರಬಾ ದಂಪತಿಗಳು ಬಂದಿಳಿದರು. ಇಬ್ಬರಿಗೂ ಆಗ ನಲವತ್ತೈದರ ವಯಸ್ಸು. ಆ ದಿನದ ನೆನಪಿಗಾಗಿ ಭಾರತ ಸರ್ಕಾರವು 2003ರಿಂದ ಜನವರಿ 9ನ್ನು ಪ್ರವಾಸಿ ಭಾರತೀಯ ದಿವಸವೆಂದು ಆಚರಿಸುತ್ತ ಬಂದಿದೆ. ಸಮಾರಂಭಗಳಿಗೆ ಬಂದರಿನ ಚಿತ್ರವೇ ಸಾಕು. ಆದರೆ ಹಡಗಿನಿಂದ ಇಳಿಯುವುದು ಒಂದು ಗಳಿಗೆಯ ಕೆಲಸ. ಇಳಿದ ಮೇಲೆ ಯಾವ ಊರಿನಲ್ಲಿ ಮನೆ ಹಿಡಿಯಬೇಕು, ಯಾರೊಡನೆ ಕುಳಿತು ಉಣ್ಣಬೇಕು, ನೀರು ಎಲ್ಲಿಂದ ತರಬೇಕು, ತಿಂಗಳ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಆಮೇಲೆ ಏಳುತ್ತವೆ. ಗಾಂಧಿ ಕುಟುಂಬಕ್ಕೆ ಈ ಪ್ರಶ್ನೆಗಳನ್ನು ಬಿಡಿಸಿಕೊಳ್ಳಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೆಲವು ಪ್ರಶ್ನೆಗಳು ಕೊನೆಯವರೆಗೂ ಬಿಡಿಸಲಾಗದೆ ಉಳಿದವು. ಊರು ಬಿಟ್ಟು ಬಂದು ಬೇರೆ ನಗರಗಳಲ್ಲಿ ನೆಲೆಸಿರುವ ನಮಗೆ, ಬಂದರಿನ ಚಿತ್ರಕ್ಕಿಂತ ಆಮೇಲಿನ ಈ ಗೃಹಕೃತ್ಯದ ಕಥೆಯೇ ಹೆಚ್ಚು ಹತ್ತಿರದ್ದೆಂದು ತೋರುತ್ತದೆ.

ಈ ಕಥೆಯನ್ನು ಸರಿಯಾಗಿ ತಿಳಿಯಬೇಕಾದರೆ ಹದಿಮೂರು ವರ್ಷ ಹಿಂದಕ್ಕೆ ಹೋಗಬೇಕು. 1915ರದು ಆ ಕುಟುಂಬದ ಮೊದಲ ಮರಳುವಿಕೆಯಾಗಿರಲಿಲ್ಲ. 1893ರಲ್ಲಿ ಒಬ್ಬಂಟಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋದ ಗಾಂಧಿಯವರು 1896ರಲ್ಲಿ ಬಂದು ಹೆಂಡತಿ ಮಕ್ಕಳನ್ನು ಕರೆದೊಯ್ದಿದ್ದರು. 1901ರ ಕೊನೆಗೆ, ಇನ್ನು ಅಲ್ಲಿಯ ಕೆಲಸ ಸಾಕು, ಊರಿನಲ್ಲೇ ನೆಲೆಸೋಣವೆಂದು ಇಡೀ ಕುಟುಂಬ ಭಾರತಕ್ಕೆ ಬಂದಿತು. ಹೊರಡುವಾಗ ಡರ್ಬನ್ನಿನ ಭಾರತೀಯರು ಕೊಟ್ಟ ಚಿನ್ನ, ಬೆಳ್ಳಿ, ವಜ್ರಗಳ ಕಾಣಿಕೆಗಳ ವಿಷಯದಲ್ಲಿ ಗಂಡಹೆಂಡಿರ ನಡುವೆ ವಾದವಾಯಿತು. ಅವುಗಳಲ್ಲಿ ಕಸ್ತೂರಬಾ ಅವರಿಗೆಂದೇ ಕೊಟ್ಟ ಐವತ್ತು ಗಿನಿ ಬೆಲೆಯ ಸರವೊಂದಿತ್ತು. ನಾಳೆ ಬರುವ ಸೊಸೆಯಂದಿರಿಗೆ ಬೇಡವೇ ಎಂಬುದು ಅವರ ವಾದ. ಕೊನೆಗೆ ಎಲ್ಲವೂ ಅಲ್ಲಿನ ಭಾರತೀಯರ ಹಿತಕ್ಕಾಗಿ ಸ್ಥಾಪಿಸಿದ ಧರ್ಮನಿಧಿಗೆ ಸೇರಿತು. ಒಂದು ವರ್ಷದೊಳಗೆ ಅಗತ್ಯ ಬಿದ್ದರೆ ಮತ್ತೆ ಬರುವೆನೆಂಬ ಮಾತನ್ನೂ ಗಾಂಧಿಯವರು ಅಲ್ಲಿಯ ಜನಕ್ಕೆ ಕೊಟ್ಟು ಬಂದಿದ್ದರು.

ಆ ಮೊದಲ ಮರಳುವಿಕೆ ಲೋಕರೂಢಿಯಂತೆಯೇ ನಡೆಯಿತು. ಕಲಕತ್ತೆಯ ಕಾಂಗ್ರೆಸ್ ಅಧಿವೇಶನ ಮುಗಿಸಿ, ಗೋಖಲೆಯವರ ಮನೆಯಲ್ಲಿ ಒಂದು ತಿಂಗಳಿದ್ದು, ಹನ್ನೆರಡಾಣೆಯ ಕ್ಯಾನ್ವಾಸ್ ಚೀಲ ಹಿಡಿದು ಮೂರನೆಯ ದರ್ಜೆಯಲ್ಲಿ ಕಾಶಿ, ಆಗ್ರಾ, ಜಯಪುರ, ಪಾಲನಪುರಗಳಲ್ಲಿ ಇಳಿದು ಹತ್ತಿ ಗಾಂಧಿಯವರು ರಾಜಕೋಟೆಗೆ ಬಂದರು. ಗೋಖಲೆಯವರು ದಾರಿಗೆಂದು ಒಂದು ಲೋಹದ ಡಬ್ಬಿಯ ತುಂಬ ತಿಂಡಿ ತುಂಬಿಸಿ ಕೊಟ್ಟಿದ್ದರು. ರೈಲಿನ ದರವೂ ಸೇರಿ ಇಡೀ ಪ್ರಯಾಣಕ್ಕೆ ಆದ ಖರ್ಚು ಮೂವತ್ತೊಂದು ರೂಪಾಯಿಗೆ ಮೀರಲಿಲ್ಲ. ಕೆಲವು ಕಾಲ ರಾಜಕೋಟೆಯಲ್ಲಿ ವಕೀಲಿ ಮಾಡಿ, ಬಳಿಕ ಮುಂಬಯಿಗೆ ಬಂದು ಗಿರಗಾಂವಿನಲ್ಲಿ ಮನೆ ಹಿಡಿದರು. ಹೊಸ ಮನೆಗೆ ಬಂದ ಸ್ವಲ್ಪ ದಿನಗಳಲ್ಲೇ ಎರಡನೆಯ ಮಗ ಮಣಿಲಾಲನಿಗೆ ವಿಷಮಶೀತಜ್ವರ ಬಂದಿತು. ಮೊಟ್ಟೆ ಮತ್ತು ಕೋಳಿಯ ಸಾರು ಕೊಡಬೇಕೆಂದ ಪಾರಸಿ ವೈದ್ಯರ ಸಲಹೆಯನ್ನು ತಂದೆ ಒಪ್ಪಲಿಲ್ಲ. ಒದ್ದೆ ಬಟ್ಟೆ ಸುತ್ತುವ ಜಲಚಿಕಿತ್ಸೆಯನ್ನೇ ನಡೆಸಿ, ಹುಡುಗ ಉಳಿದುಕೊಂಡ.

ಗಿರಗಾಂವಿನ ಮನೆ ಗಾಳಿ ಬೆಳಕಿಲ್ಲದ್ದೆಂದು ಕುಟುಂಬ ಸಾಂತಾಕ್ರೂಜಿನ ಒಂದು ಬಂಗಲೆಗೆ ಹೋಯಿತು. ಅಲ್ಲಿಂದ ಚರ್ಚ್‌ಗೇಟಿಗೆ ಗಾಂಧಿಯವರು ಮೊದಲ ದರ್ಜೆಯ ಸೀಸನ್ ಟಿಕೇಟು ಮಾಡಿಸಿಕೊಂಡಿದ್ದರು. ಎಷ್ಟೋ ದಿನ ಆ ಡಬ್ಬಿಯಲ್ಲಿ ತಾವೊಬ್ಬರೇ ಪ್ರಯಾಣಿಕರಾಗಿರುವುದನ್ನು ಕಂಡು ಒಳಗೊಳಗೆ ಹೆಮ್ಮೆಪಟ್ಟದ್ದನ್ನೂ, ಬಾಂದ್ರಾವರೆಗೆ ನಡೆದುಹೋಗಿ ನೇರ ಗಾಡಿ ಹಿಡಿಯುತ್ತಿದ್ದುದನ್ನೂ ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿದ್ದಾರೆ. ಹತ್ತು ಸಾವಿರ ರೂಪಾಯಿಯ ಜೀವವಿಮೆಯನ್ನೂ ಮಾಡಿಸಿದರು. ವಕೀಲಿ ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಸಾಗುತ್ತಿತ್ತು. ಬಾಡಿಗೆ ಬಂಗಲೆ, ಸೀಸನ್ ಟಿಕೇಟು, ವಿಮೆ: ಇಂದಿಗೂ ಮುಂಬಯಿಗೆ ಬಂದು ನೆಲೆಯೂರುವ ಮಧ್ಯಮ ವರ್ಗದ ಕುಟುಂಬಕ್ಕೆ ಇದಕ್ಕಿಂತ ಬೇರೆ ಲಕ್ಷಣಗಳಿಲ್ಲ. ಅಷ್ಟರಲ್ಲಿ ದಕ್ಷಿಣ ಆಫ್ರಿಕದಿಂದ ತಂತಿ ಬಂದಿತು. ಬ್ರಿಟಿಷ್ ಮಂತ್ರಿ ಚೇಂಬರ್ಲಿನ್ ಬರುತ್ತಿದ್ದಾರೆ, ಕೂಡಲೆ ಹೊರಡಬೇಕು ಎಂಬುದು ಅದರ ತಾತ್ಪರ್ಯ. ಕೊಟ್ಟ ಮಾತಿನಂತೆ ಗಾಂಧಿಯವರು 1902ರ ಕೊನೆಗೆ ಹೆಂಡತಿ ಮಕ್ಕಳನ್ನು ಮುಂಬಯಿಯಲ್ಲೇ ಬಿಟ್ಟು ಹಡಗು ಹತ್ತಿದರು. ವರ್ಷದೊಳಗೆ ಮರಳುವ ಎಣಿಕೆ ತಪ್ಪಿತು. ಮುಂದೆ ಕಸ್ತೂರಬಾ ಅವರೇ ಮಕ್ಕಳೊಡನೆ ಅಲ್ಲಿಗೆ ಹೋಗಬೇಕಾಯಿತು. ಒಮ್ಮೆ ಕಟ್ಟಿದ ಸಂಸಾರವನ್ನು ಬಿಚ್ಚಿ ಇನ್ನೊಂದೆಡೆ ಕಟ್ಟುವ ಕೆಲಸ ಅವರ ಪಾಲಿಗೆ ಆ ವೇಳೆಗಾಗಲೇ ರೂಢಿಯಾಗಿತ್ತು.

ಆ ಮುಂದಿನ ಹತ್ತು ವರ್ಷಗಳಲ್ಲಿ ಈ ಕುಟುಂಬದ ದಿನಚರಿಯೇ ಬೇರೆಯಾಯಿತು. 1904ರಲ್ಲಿ ಡರ್ಬನ್ನಿಗೆ ಹದಿನಾಲ್ಕು ಮೈಲಿ ದೂರದಲ್ಲಿ ಫೀನಿಕ್ಸ್ ವಸತಿ ಆರಂಭವಾಯಿತು. 1910ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ, ಜರ್ಮನ್ ಮಿತ್ರ ಕಾಲನ್‌ಬಾಕ್ ಬಿಟ್ಟುಕೊಟ್ಟ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಯಿತು. ಅಲ್ಲಿ ಹಿಂದೂಗಳು, ಮುಸಲ್ಮಾನರು, ಪಾರಸಿಗಳು, ಕ್ರೈಸ್ತರು ಇದ್ದರು. ಗುಜರಾತಿ, ತಮಿಳು, ತೆಲುಗು, ಹಿಂದಿ ಮಾತನಾಡುವವರಿದ್ದರು. ಅಡುಗೆ ಒಂದೇ ಒಲೆಯಲ್ಲಿ. ನೀರು ಹೊರುವುದು, ಕಟ್ಟಿಗೆ ಸೀಳುವುದು, ಪಾಯಿಖಾನೆ ತೊಳೆಯುವುದು ಎಲ್ಲವೂ ನಿವಾಸಿಗಳದೇ ಕೆಲಸ. ಚಪ್ಪಲಿ ಹೊಲಿಯುವುದನ್ನೂ ಅವರು ಕಲಿತರು. 1913ರಲ್ಲಿ ಭಾರತೀಯ ರೀತಿಯ ವಿವಾಹಗಳನ್ನು ಅಸಿಂಧುವೆಂದು ಸಾರಿದ ತೀರ್ಪಿನ ವಿರುದ್ಧ ಕಸ್ತೂರಬಾ ಅವರು ಸತ್ಯಾಗ್ರಹ ಮಾಡಿ ಮೂರು ತಿಂಗಳು ಜೈಲಿನಲ್ಲಿದ್ದು ಬಂದರು. ಜಾತಿಯ ಕಟ್ಟುಗಳು ಅಲ್ಲಿ ಸಡಿಲವಾದುದಕ್ಕೆ ಗಾಂಧಿಯವರ ಸಂಕಲ್ಪವೊಂದೇ ಕಾರಣವಲ್ಲ. ನೆಂಟರು, ಪುರೋಹಿತರು, ಓಣಿಯವರು ಯಾರೂ ನೋಡುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಪರಸ್ಥಳವು ಕೊಡುವ ಈ ಸ್ವಾತಂತ್ರ್ಯ ನಮಗೂ ಪರಿಚಿತವಾದದ್ದೇ.

ಭಾಷೆಯ ವಿಷಯದಲ್ಲಿ ಮಾತ್ರ ಗಾಂಧಿಯವರು ಪರಸ್ಥಳಕ್ಕೆ ಜಗ್ಗಲಿಲ್ಲ. ಮಕ್ಕಳಿಗೆ ಎಳವೆಯಿಂದಲೇ ಇಂಗ್ಲಿಷ್ ಕಲಿಸಿದರೆ ಜೀವನದ ಓಟದಲ್ಲಿ ಮುಂದಿರುತ್ತಾರೆಂದು ಮಿತ್ರ ಪೋಲಾಕ್ ಎಷ್ಟೇ ವಾದಿಸಿದರೂ ಅವರು ಮಕ್ಕಳೊಡನೆ ಗುಜರಾತಿಯಲ್ಲೇ ಮಾತನಾಡಿದರು. ತಾಯ್ನುಡಿ ತಪ್ಪಿದ ಮಗು ತನ್ನ ಜನಕ್ಕೆ ಪರಕೀಯವಾಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಇದೇ ಹಟದ ಇನ್ನೊಂದು ಮುಖವನ್ನೂ ನಾವು ನೋಡಬೇಕು. ಅವರು ಮಕ್ಕಳನ್ನು ಕ್ರಮವಾದ ಶಾಲೆಗೂ ಕಳಿಸಲಿಲ್ಲ. ಮನೆಯ ಕೆಲಸ, ಹೊಲದ ಕೆಲಸ, ಕಚೇರಿಗೆ ನಡೆಯುವ ದಾರಿಯ ಮಾತುಕತೆಗಳೇ ಅವರ ಪಾಠಶಾಲೆಯಾದವು. ಇದರ ಲೆಕ್ಕ ಊರಿಗೆ ಮರಳಿದ ಮೇಲೆ ತೀರಿಸಬೇಕಾಗಿ ಬಂದಿತು.

1914ರ ಜುಲೈ 18ರಂದು ಗಾಂಧಿ ದಂಪತಿಗಳು ಕಾಲನ್‌ಬಾಕ್ ಅವರೊಡನೆ ಕೇಪ್‌ಟೌನ್ ಬಿಟ್ಟರು. ಗೋಖಲೆಯವರನ್ನು ಕಾಣಲು ಲಂಡನ್ನಿನ ಮಾರ್ಗವಾಗಿ ಬರುವ ಏರ್ಪಾಡು. ಅವರು ಇಂಗ್ಲೆಂಡ್ ಮುಟ್ಟುವಷ್ಟರಲ್ಲಿ ಮಹಾಯುದ್ಧ ಆರಂಭವಾಗಿತ್ತು. ಅಲ್ಲಿ ಪಕ್ಕೆನೋವಿನಿಂದ ಗಾಂಧಿಯವರು ಹಾಸಿಗೆ ಹಿಡಿದರು. ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಕಾಲನ್‌ಬಾಕ್ ಅವರಿಗೆ ಭಾರತಕ್ಕೆ ಬರಲು ಅನುಮತಿ ಸಿಗಲಿಲ್ಲ. ಭಾರತದಲ್ಲೂ ಜೊತೆಗೆ ಬಾಳಬೇಕೆಂದು ಹೊರಟಿದ್ದ ಆ ಗೆಳೆಯ ಹೀಗೆ ಅರ್ಧದಾರಿಯಲ್ಲೇ ಉಳಿದರು. ಇತ್ತ ಫೀನಿಕ್ಸಿನ ಸುಮಾರು ಇಪ್ಪತ್ತು ಮಂದಿ, ಅವರಲ್ಲಿ ಗಾಂಧಿಯವರ ಮಕ್ಕಳೂ ಇದ್ದರು, ದಾಯಾದಿ ಮಗನಾದ ಮಗನಲಾಲ್ ಗಾಂಧಿಯವರ ಮೇಲ್ವಿಚಾರಣೆಯಲ್ಲಿ ನೇರವಾಗಿ ಭಾರತಕ್ಕೆ ಬಂದಿದ್ದರು. ಅಂದರೆ ತಂದೆತಾಯಿಗಳು ಲಂಡನ್ನಿನಲ್ಲಿ, ಮಕ್ಕಳು ಮೊದಲು ಹರಿದ್ವಾರದ ಬಳಿಯ ಕಾಂಗಡಿ ಗುರುಕುಲದಲ್ಲಿ, ಬಳಿಕ ಬಂಗಾಳದ ಶಾಂತಿನಿಕೇತನದಲ್ಲಿ. ಹಿರಿಯ ಮಗ ಹರಿಲಾಲರು ಅದಕ್ಕೂ ಮೊದಲೇ, 1911ರಲ್ಲಿ, ತಂದೆಯೊಡನೆ ಮುನಿದು ಭಾರತಕ್ಕೆ ಬಂದಿದ್ದರು. ಕುಟುಂಬವು ಊರಿಗೆ ಮರಳಿತೆಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ನಿಜವಾಗಿ ಅದು ತುಂಡುತುಂಡಾಗಿ ಬಂದಿತು.

ಮುಂಬಯಿಯಲ್ಲಿ ಸತ್ಕಾರಗಳು ನಡೆದವು. ಪೆಡರ್ ರಸ್ತೆಯಲ್ಲಿ ಜಹಾಂಗೀರ್ ಪೆಟಿಟ್ ಅವರ ಭವ್ಯ ಭವನದ ಔತಣದಲ್ಲಿ, ಜೀತದಾಳುಗಳ ನಡುವೆ ಬಾಳಿ ಬಂದ ತಮಗೆ ತಾವೊಬ್ಬ ಹಳ್ಳಿಗನೆನಿಸಿತೆಂದು ಗಾಂಧಿಯವರು ಬರೆದಿದ್ದಾರೆ. ಗುಜರಾತಿಗಳೇ ಏರ್ಪಡಿಸಿದ್ದ ಇನ್ನೊಂದು ಸಭೆಯಲ್ಲಿ ಜಿನ್ನಾ ಅವರೂ ಸೇರಿದಂತೆ ಹಲವರು ಇಂಗ್ಲಿಷಿನಲ್ಲಿ ಮಾತನಾಡಿದರು. ಗಾಂಧಿಯವರು ಗುಜರಾತಿಯಲ್ಲಿ ಉತ್ತರ ಕೊಟ್ಟರು. ಇಪ್ಪತ್ತು ವರ್ಷ ಹೊರಗಿದ್ದು ಬಂದವನು ತಾಯ್ನುಡಿಯನ್ನು ಹಿಡಿದಿದ್ದ, ಊರಿನಲ್ಲೇ ಇದ್ದವರು ಅದನ್ನು ಬದಿಗಿಟ್ಟಿದ್ದರು. ಇಳಿದಾಗ ಅವರು ಕಾಠಿಯಾವಾಡದ ಅಂಗಿ, ಧೋತರ, ನಿಲುವಂಗಿ, ಬಿಳಿಯ ಶಲ್ಯ ತೊಟ್ಟಿದ್ದರು. ಮೂರನೆಯ ದರ್ಜೆಯಲ್ಲಿ ರಾಜಕೋಟೆಗೆ ಹೊರಡುವಾಗ ನಿಲುವಂಗಿ ಮತ್ತು ಶಲ್ಯ ತೊಡಕೆನಿಸಿ ಅವನ್ನು ಬಿಟ್ಟು, ಎಂಟುಹತ್ತು ಆಣೆಯ ಕಾಶ್ಮೀರಿ ಟೋಪಿಯೊಂದನ್ನು ಕೊಂಡರು. ಆಗ ಪ್ಲೇಗಿನ ಕಾಲ. ದಾರಿಯಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರನ್ನು ತಪಾಸಣೆ ಮಾಡುತ್ತಿದ್ದರು. ಗಾಂಧಿಯವರಿಗೆ ಸ್ವಲ್ಪ ಜ್ವರವಿದ್ದುದರಿಂದ ಹೆಸರು ಬರೆದುಕೊಂಡು, ರಾಜಕೋಟೆಯ ವೈದ್ಯಾಧಿಕಾರಿಯ ಮುಂದೆ ಹಾಜರಾಗುವಂತೆ ಹೇಳಿದರು. ಬಂದರಿನಲ್ಲಿ ಹಾರ ಹಾಕಿಸಿಕೊಂಡವರು ರೈಲಿನಲ್ಲಿ ಸಾಮಾನ್ಯ ಪ್ರಜೆಯಾದರು.

ರಾಜಕೋಟೆ ಮತ್ತು ಪೋರಬಂದರುಗಳಲ್ಲಿ ಅವರಿಗೆ ಕಾದಿದ್ದುದು ಹಳೆಯ ಮನೆಯಲ್ಲ, ಅದರ ಶೂನ್ಯ. 1913 ಮತ್ತು 1914ರಲ್ಲಿ, ಒಂದು ವರ್ಷದ ಅಂತರದೊಳಗೆ, ಇಬ್ಬರು ಅಣ್ಣಂದಿರೂ ತೀರಿಕೊಂಡಿದ್ದರು. ಈಗ ಮಾಡಬೇಕಾಗಿದ್ದುದು ವಿಧವೆಯಾದ ಅತ್ತಿಗೆಯನ್ನೂ ನೆಂಟರನ್ನೂ ಕಂಡು ದುಃಖ ಹಂಚಿಕೊಳ್ಳುವುದು. ಯಾವ ಊರನ್ನು ‘ನಮ್ಮೂರು’ ಎಂದು ಇಷ್ಟು ವರ್ಷ ನೆನೆದಿದ್ದರೋ ಅಲ್ಲಿ ಮರಳಿ ಸೇರಿಕೊಳ್ಳುವುದಕ್ಕೆ ಮನೆಯೇ ಉಳಿದಿರಲಿಲ್ಲ. ಇಷ್ಟಾಗಿ, ಫೀನಿಕ್ಸಿನ ಇಪ್ಪತ್ತು ಜನರನ್ನು ಸೇರಿಸಿಕೊಂಡು ಒಂದೇ ಒಲೆ ಹೂಡುವ ಸಂಸಾರಕ್ಕೆ ರಾಜಕೋಟೆಯ ಯಾವ ಕುಟುಂಬದ ಮನೆ ತಾನೆ ಹೊಂದುತ್ತಿತ್ತು?

1915ರ ಫೆಬ್ರುವರಿ 17ರಂದು ದಂಪತಿಗಳು ಶಾಂತಿನಿಕೇತನಕ್ಕೆ ಬಂದು ಮಕ್ಕಳನ್ನು ಸೇರಿಕೊಂಡರು. ಎರಡೇ ದಿನಗಳಲ್ಲಿ ಗೋಖಲೆಯವರ ನಿಧನದ ವಾರ್ತೆ ಬಂದು ಪುಣೆಗೆ ಧಾವಿಸಬೇಕಾಯಿತು. ಮಾರ್ಚಿಯಲ್ಲಿ ಮರಳಿದ ಮೇಲೆ ಅಲ್ಲಿನ ಅಡುಗೆಮನೆಯೇ ಚರ್ಚೆಯ ವಿಷಯವಾಯಿತು. ಸಂಬಳದ ಅಡುಗೆಯವರನ್ನು ಬಿಟ್ಟು ಗುರುಶಿಷ್ಯರೇ ಏಕೆ ಅಡುಗೆ ಮಾಡಿಕೊಳ್ಳಬಾರದೆಂದು ಗಾಂಧಿಯವರು ಕೇಳಿದರು. ರವೀಂದ್ರರು ಒಪ್ಪಿದರು. ಮಾರ್ಚ್ 10ರಂದು ಪ್ರಯೋಗ ಆರಂಭವಾಯಿತು. ಅದು ಹೆಚ್ಚು ಕಾಲ ನಡೆಯಲಿಲ್ಲವಾದರೂ ಆ ದಿನವನ್ನು ಶಾಂತಿನಿಕೇತನದಲ್ಲಿ ‘ಗಾಂಧಿ ಪುಣ್ಯಾಹ’ವೆಂದು ಇಂದಿಗೂ ಆಚರಿಸುತ್ತಾರೆ. ಬಾಲ್ಯದ ಹಲವು ವರ್ಷಗಳನ್ನು ನಮ್ಮ ಕಾರವಾರ, ಬೆಳಗಾವಿಗಳ ಕಡೆ ಕಳೆದಿದ್ದ ದತ್ತಾತ್ರೇಯ ಬಾಲಕೃಷ್ಣ ಕಾಲೇಲಕರ್ ಅವರು ಈ ಕುಟುಂಬಕ್ಕೆ ಪರಿಚಿತರಾದುದು ಅಲ್ಲಿಯೇ. ಬರೋಡೆಯ ಗಂಗಾನಾಥ ವಿದ್ಯಾಲಯದಲ್ಲಿ ಶಿಕ್ಷಕರನ್ನು ಮನೆಮಂದಿಯಂತೆ ಕರೆಯುವ ಪದ್ಧತಿಯಿತ್ತು. ಅಲ್ಲಿಂದ ಬಂದವರಲ್ಲಿ ಕಾಲೇಲಕರರು ‘ಕಾಕಾ’, ಫಡಕೆಯವರು ‘ಮಾಮಾ’, ಹರಿಹರ ಶರ್ಮರು ‘ಅಣ್ಣಾ’. ರಕ್ತಸಂಬಂಧವಿಲ್ಲದವರು ಸಂಬಂಧವಾಚಕಗಳಿಂದಲೇ ಬಂಧುಗಳಾಗುವ ಈ ರೀತಿ, ಮುಂದೆ ಇವರೆಲ್ಲ ಸೇರಿದ ಗಾಂಧಿಯವರ ಕುಟುಂಬಕ್ಕೂ ಒಪ್ಪುವಂತಹುದಾಗಿತ್ತು.

ಒಂದು ವರ್ಷ ದೇಶ ನೋಡಬೇಕು, ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬಾರದು ಎಂದು ಗೋಖಲೆಯವರಿಗೆ ಕೊಟ್ಟ ಮಾತಿನಂತೆ ಗಾಂಧಿಯವರು ಸುತ್ತಿದರು. ಏಪ್ರಿಲಿನಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ಫೀನಿಕ್ಸಿನ ಹುಡುಗರು ಯಾತ್ರಿಕರ ಮಲವನ್ನು ಮಣ್ಣಿನಿಂದ ಮುಚ್ಚುವ ಕೆಲಸ ವಹಿಸಿಕೊಂಡರು. ಬಳಿಕ ಮದರಾಸು, ಅಲ್ಲಿಂದ ಮೇ 8ರಂದು ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣಗೊಳಿಸಿದರು. ಕನ್ನಡನಾಡು ಅವರನ್ನು ಮೊದಲು ಕಂಡದ್ದು ಹೀಗೆ, ಇನ್ನೂ ಮನೆ ಹುಡುಕುತ್ತಿದ್ದ ಗೃಹಸ್ಥನಾಗಿ. ಮನೆಯ ವಿಷಯದಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ. ಗುರುಕುಲದ ಸ್ಥಾಪಕರು, ಮುಂದೆ ಸ್ವಾಮಿ ಶ್ರದ್ಧಾನಂದರೆನಿಸಿದವರು, ಹರಿದ್ವಾರ ಲೇಸೆಂದರು. ಕಲಕತ್ತೆಯ ಮಿತ್ರರು ವೈದ್ಯನಾಥಧಾಮವೆಂದರು. ರಾಜಕೋಟೆಯೇ ಆಗಲೆಂದವರೂ ಇದ್ದರು. ಗಾಂಧಿಯವರು ಅಹಮದಾಬಾದನ್ನು ಆರಿಸಿಕೊಂಡರು. ಗುಜರಾತಿಯ ಮೂಲಕವೇ ತಾವು ಹೆಚ್ಚು ಸೇವೆ ಸಲ್ಲಿಸಬಲ್ಲೆನೆಂಬುದು ಒಂದು ಕಾರಣ. ಅದು ಕೈಮಗ್ಗದ ಹಳೆಯ ಕೇಂದ್ರವೆಂಬುದು ಇನ್ನೊಂದು. ಅಲ್ಲಿಯ ಸಿರಿವಂತರು ಹಣದ ನೆರವು ಕೊಟ್ಟಾರೆಂಬುದು ಮೂರನೆಯದು. ನುಡಿ, ಕಸುಬು, ಹಣ: ವಲಸೆ ಹೋಗುವ ಯಾವ ಸಂಸಾರವೂ ತೂಗಿ ನೋಡುವ ಮೂರು ಸಂಗತಿಗಳೇ ಅವು.

1915ರ ಮೇ 25ರಂದು ಅಹಮದಾಬಾದಿನ ಕೊಚರಬ್ ಎಂಬ ಹಳ್ಳಿಯಲ್ಲಿ, ಬ್ಯಾರಿಸ್ಟರ್ ಜೀವನಲಾಲ್ ದೇಸಾಯಿಯವರಿಂದ ಬಾಡಿಗೆಗೆ ಪಡೆದ ಬಂಗಲೆಯಲ್ಲಿ ಸತ್ಯಾಗ್ರಹ ಆಶ್ರಮ ಆರಂಭವಾಯಿತು. ಸೇವಾಶ್ರಮ, ತಪೋವನ ಎಂಬ ಹೆಸರುಗಳನ್ನೂ ಕೆಲವರು ಸೂಚಿಸಿದ್ದರು. ನಿಯಮಗಳ ಕರಡನ್ನು ಮಿತ್ರರಿಗೆ ಕಳುಹಿಸಿ ಅಭಿಪ್ರಾಯ ಕೇಳಿದಾಗ, ವ್ರತಗಳ ಪಟ್ಟಿಗೆ ವಿನಯವನ್ನೂ ಸೇರಿಸಬೇಕೆಂದು ಗುರುದಾಸ ಬ್ಯಾನರ್ಜಿಯವರು ಬರೆದರು. ಗಂಡಸರು ಹೆಂಗಸರು ಸೇರಿ ಸುಮಾರು ಇಪ್ಪತ್ತೈದು ಮಂದಿ. ಅವರಲ್ಲಿ ಹದಿಮೂರರಷ್ಟು ತಮಿಳರು. ಎಲ್ಲರಿಗೂ ಒಂದೇ ಅಡುಗೆಮನೆ. ಫೀನಿಕ್ಸಿನಲ್ಲಿ ಸಹಜವಾಗಿದ್ದ ಬಾಳುವೆಯನ್ನು ಹಾಗೆಯೇ ತಂದು ಗುಜರಾತಿನ ಒಂದು ಹಳ್ಳಿಯಲ್ಲಿ ಇಟ್ಟಂತಾಯಿತು. ಇಲ್ಲಿ ನೆಂಟರಿದ್ದರು, ಓಣಿಯವರಿದ್ದರು, ಹಣ ಕೊಡುವ ಶೆಟ್ಟರಿದ್ದರು. ಎಲ್ಲರೂ ನೋಡುತ್ತಿದ್ದರು.

ಪರೀಕ್ಷೆ ಸೆಪ್ಟೆಂಬರಿನಲ್ಲಿ ಬಂದಿತು. ಯೋಗ್ಯನಾದ ಅಸ್ಪೃಶ್ಯ ವ್ಯಕ್ತಿಯೊಬ್ಬ ಬಂದರೆ ಸೇರಿಸಿಕೊಳ್ಳುವೆನೆಂದು ಗಾಂಧಿಯವರು ಮೊದಲೇ ಹೇಳಿದ್ದರು; ನಿಮ್ಮ ನಿಯಮಗಳನ್ನು ಪಾಲಿಸುವಂತಹವನು ಎಲ್ಲಿ ಸಿಕ್ಕಾನೆಂದು ಮಿತ್ರರು ನಿಶ್ಚಿಂತೆಯಿಂದಿದ್ದರು. ಮುಂದೆ ಠಕ್ಕರ್ ಬಾಪಾ ಎಂದು ಹೆಸರಾದ ಅಮೃತಲಾಲ್ ಠಕ್ಕರ್ ಅವರಿಂದ ಪತ್ರ ಬಂದಿತು. ಮುಂಬಯಿಯಲ್ಲಿ ಶಿಕ್ಷಕರಾಗಿದ್ದ ದೂದಾಭಾಯಿ, ಅವರ ಪತ್ನಿ ದಾನೀಬೆನ್, ಆಗತಾನೆ ನಡೆಯಲು ಕಲಿತಿದ್ದ ಮಗಳು ಲಕ್ಷ್ಮಿ ಆಶ್ರಮ ಸೇರಲು ಬಯಸಿದ್ದರು. ಅವರು ಬಂದರು. ಬಂಗಲೆಯ ಬಾವಿಯನ್ನು ಆಶ್ರಮದವರೂ ಮನೆಯ ಒಡೆಯರ ಕಡೆಯವರೂ ಹಂಚಿಕೊಂಡಿದ್ದರು. ಏತ ಹೊಡೆಯುವವನು ಆಶ್ರಮದ ಕೊಡದ ಹನಿ ಸಿಡಿದರೆ ತನಗೆ ಮೈಲಿಗೆಯೆಂದು ಬೈಯತೊಡಗಿದ. ದೂದಾಭಾಯಿಯವರಿಗೆ ಕಿರುಕುಳ ಕೊಟ್ಟ. ಬೈಗುಳಕ್ಕೆ ಉತ್ತರ ಕೊಡದೆ ನೀರು ಸೇದುತ್ತಲೇ ಇರಬೇಕೆಂದು ಗಾಂಧಿಯವರು ಹೇಳಿದರು. ಕೆಲವು ದಿನಗಳ ಬಳಿಕ ಅವನೇ ನಾಚಿ ಸುಮ್ಮನಾದ. ಆದರೆ ಹಣದ ನೆರವೆಲ್ಲ ನಿಂತುಹೋಯಿತು. ಬಹಿಷ್ಕಾರದ ಮಾತು ಹಬ್ಬಿತು. ಮುಂದಿನ ತಿಂಗಳಿಗೆ ಕೈಯಲ್ಲಿ ಏನೂ ಇಲ್ಲವೆಂದು ಮಗನಲಾಲರು ಹೇಳಿದಾಗ, ಹಾಗಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣವೆಂದು ಗಾಂಧಿಯವರು ಉತ್ತರಿಸಿದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಕಾರಿನಲ್ಲಿ ಬಂದ ಶೇಠರೊಬ್ಬರು, ಒಳಗೂ ಬಾರದೆ, ಹದಿಮೂರು ಸಾವಿರ ರೂಪಾಯಿಯ ನೋಟುಗಳನ್ನು ಕೊಟ್ಟು ಹೋದರು. ಗಾಂಧಿಯವರು ಹೆಸರು ಹೇಳಿಲ್ಲ. ಅವರು ಗಿರಣಿ ಮಾಲೀಕರಾದ ಅಂಬಾಲಾಲ್ ಸಾರಾಭಾಯ್ ಎಂದು ಚರಿತ್ರಕಾರರು ಗುರುತಿಸಿದ್ದಾರೆ.

ಈ ಹದಿಮೂರು ಸಾವಿರದ ಪ್ರಸಂಗವನ್ನು ನಮ್ಮಲ್ಲಿ ಬಹಳ ಮಂದಿ ಓದಿದ್ದೇವೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಆತ್ಮಕಥೆ ಒಂದು ಕಾಲಕ್ಕೆ ನಮ್ಮ ಮನೆಮನೆಗಳಲ್ಲಿ ಇದ್ದ ಪುಸ್ತಕ. ಆ ಪ್ರಸಂಗವನ್ನು ದೈವಕೃಪೆಯ ಕಥೆಯಾಗಿ ನೆನೆಯುವುದು ವಾಡಿಕೆ. ಆದರೆ ಹಣ ಬಂದದ್ದರಿಂದ ಹೊರಗಿನ ಸಂಕಟ ತೀರಿತೇ ಹೊರತು ಒಳಗಿನದು ತೀರಲಿಲ್ಲ. ಅಡುಗೆಮನೆಯಲ್ಲಿ ದಾನೀಬೆನ್ ಅವರನ್ನು ಕಸ್ತೂರಬಾ ಅವರೂ ಇತರ ಹೆಂಗಸರೂ ಸಹಿಸಲಿಲ್ಲ. ತಿರಸ್ಕಾರವೋ ಉದಾಸೀನವೋ ಇದ್ದುದು ಕಣ್ಣಿಗೆ ಬೀಳುವಂತಿತ್ತೆಂದು ಗಾಂಧಿಯವರೇ ಒಪ್ಪಿಕೊಂಡಿದ್ದಾರೆ. ಸಣ್ಣಪುಟ್ಟ ಅವಮಾನಗಳನ್ನು ನುಂಗಿಕೊಳ್ಳಬೇಕೆಂದು ಅವರು ದೂದಾಭಾಯಿಯವರಿಗೆ ಹೇಳಿದರು, ಹೆಂಡತಿಗೂ ಹಾಗೆಯೇ ತಿಳಿಹೇಳಬೇಕೆಂದರು. ದಾನೀಬೆನ್ ಅವರ ಮಾತು ಮಾತ್ರ ನಮಗೆ ಎಲ್ಲಿಯೂ ಕೇಳಿಸುವುದಿಲ್ಲ. ಮನೆ ಬಿಟ್ಟು ಮನೆಗೆ ಬಂದವರಲ್ಲಿ ಅತ್ಯಂತ ಕಠಿಣವಾದ ಮನೆಗೆ ಬಂದವರು ಆಕೆಯೇ ಇದ್ದಿರಬೇಕು.

ಮಗನಲಾಲರ ಪತ್ನಿ ಸಂತೋಕ್ ಅವರು ಊಟ ಬಿಟ್ಟು ಪ್ರತಿಭಟಿಸಿದರು. ಗಾಂಧಿಯವರೂ ಅಂದು ಊಟ ಬಿಟ್ಟರು. ಕೊನೆಗೆ ಆ ದಂಪತಿಗಳು ಕೆಲವು ತಿಂಗಳು ಮದರಾಸಿಗೆ ಹೋಗಿ, ನೇಯ್ಗೆ ಕಲಿತು, ಮನಸ್ಸು ತಿಳಿಯಾದ ಮೇಲೆ ಮರಳಿದರು. ಕಸ್ತೂರಬಾ ಅವರ ವಿಷಯದಲ್ಲಿ ಗಾಂಧಿಯವರು ಇನ್ನೂ ನಿಷ್ಠುರರಾದರು. ತನಗೆ ಒಪ್ಪಿಗೆಯಿಲ್ಲದಿದ್ದರೆ ಆಕೆ ತನ್ನನ್ನು ಬಿಟ್ಟು ಹೋಗಬಹುದು, ಸ್ನೇಹದಿಂದಲೇ ಬೇರೆಯಾಗೋಣವೆಂದು ಹೇಳಿದ್ದಾಗಿ ಆ ದಿನಗಳಲ್ಲೇ ಶ್ರೀನಿವಾಸ ಶಾಸ್ತ್ರಿಗಳಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಕಸ್ತೂರಬಾ ಅವರು ಹೋಗಲಿಲ್ಲ. ಅವರದು ಸಂಕುಚಿತ ಮನಸ್ಸೆಂದು ಇಲ್ಲಿಗೆ ತೀರ್ಮಾನಿಸಿಬಿಡುವುದು ನಮಗೆ ಸುಲಭ. ಅದು ಅರ್ಧ ಸತ್ಯ. ಜಾತಿಯ ಮೈಲಿಗೆಯನ್ನು ಅವರು ನಂಬಿದ್ದರು, ಆ ನಂಬಿಕೆ ತಪ್ಪು, ಅದರ ಪೆಟ್ಟು ಬಿದ್ದದ್ದು ದಾನೀಬೆನ್ ಅವರ ಮೇಲೆ. ಜೊತೆಗೆ ಇನ್ನೊಂದನ್ನೂ ಕಾಣಬೇಕು. ಡರ್ಬನ್, ರಾಜಕೋಟೆ, ಗಿರಗಾಂವ, ಸಾಂತಾಕ್ರೂಜ್, ಜೊಹಾನ್ಸ್‌ಬರ್ಗ್, ಫೀನಿಕ್ಸ್, ಲಂಡನ್, ಶಾಂತಿನಿಕೇತನ: ಇಷ್ಟು ಕಡೆ ಒಲೆ ಹೂಡಿ ಎಬ್ಬಿಸಿದ ಹೆಂಗಸು, ಕಡೆಗೊಮ್ಮೆ ಊರಿಗೆ ಬಂದೆವೆಂದುಕೊಂಡಾಗ, ಊರು ಎಂದರೆ ತಾನು ಬಿಟ್ಟು ಹೋದ ಬಂಧುಬಳಗದ ಊರೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆ ಊರನ್ನೇ ಬಿಟ್ಟುಕೊಡಬೇಕೆಂದು ಊರಿನಲ್ಲೇ ನಿಂತು ಕೇಳಿದಂತಾಯಿತು. ಅವರು ನಿಧಾನವಾಗಿ ಬದಲಾದರು. ಮುಂದೆ ಗಾಂಧಿಯವರು ಲಕ್ಷ್ಮಿಯನ್ನು ಮಗಳೆಂದು ಸ್ವೀಕರಿಸಿದಾಗ, ಆ ಮಗು ಬೆಳೆದದ್ದು ಕಸ್ತೂರಬಾ ಅವರ ಆರೈಕೆಯಲ್ಲಿ.

ಮಕ್ಕಳ ಕಥೆ ಬೇರೆ. ಹರಿಲಾಲರು 1915ರ ಮಾರ್ಚಿಯಲ್ಲೇ ತಂದೆಗೆ ಒಂದು ಬಹಿರಂಗ ಪತ್ರ ಬರೆದು ಅಚ್ಚು ಹಾಕಿಸಿದರು. ತಮಗೆ ವಿದ್ಯಾಭ್ಯಾಸ ದೊರೆಯಲಿಲ್ಲವೆಂಬುದು ಅವರ ಮುಖ್ಯ ದೂರು. ಇಂಗ್ಲೆಂಡಿನಲ್ಲಿ ಓದಲು ಗಾಂಧಿಯವರ ಮಿತ್ರರೊಬ್ಬರು ಕೊಟ್ಟ ನೆರವು ತಮಗೆ ಬರದೆ ಬೇರೆಯವರಿಗೆ ಹೋದ ನೋವು ಅವರನ್ನು ಬಿಡಲಿಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಪತ್ನಿಯನ್ನು ಕಳೆದುಕೊಂಡ ಬಳಿಕ ಅವರ ಬಾಳು ಹಳಿ ತಪ್ಪಿತು. ಆಶ್ರಮದ ಹಣದಿಂದ ಈ ಅಣ್ಣನಿಗೆ ನೆರವಾದನೆಂಬ ಕಾರಣಕ್ಕೆ ಮಣಿಲಾಲರನ್ನು ತಂದೆ ಆಶ್ರಮದಿಂದ ಹೊರಗೆ ಕಳುಹಿಸಿದರು. ಗಿರಗಾಂವಿನಲ್ಲಿ ಜ್ವರದಿಂದ ಎದ್ದ ಅದೇ ಹುಡುಗ, ಬ್ರಹ್ಮಾಂಡದಂತಹ ಈ ದೇಶದಲ್ಲಿ ನೆಲೆ ಕಾಣದೆ, 1917ರಲ್ಲಿ ಫೀನಿಕ್ಸಿಗೇ ಮರಳಿ, ‘ಇಂಡಿಯನ್ ಒಪೀನಿಯನ್’ ಪತ್ರಿಕೆಯನ್ನು ನಡೆಸುತ್ತ 1956ರಲ್ಲಿ ಅಲ್ಲಿಯೇ ತೀರಿಕೊಂಡರು. ಊರಿಗೆ ಮರಳುವುದೆಂದರೆ ಮಣಿಲಾಲರ ಪಾಲಿಗೆ ಆಫ್ರಿಕಕ್ಕೆ ಮರಳುವುದೆಂದಾಯಿತು. ಡರ್ಬನ್ನಿನಲ್ಲಿ ಹುಟ್ಟಿದ ಕಿರಿಯ ಮಗ ದೇವದಾಸರು 1918ರಲ್ಲಿ ಮದರಾಸಿಗೆ ಹೋಗಿ ಹಿಂದಿ ತರಗತಿಗಳನ್ನು ನಡೆಸಿದರು. ಮುಂದೆ ರಾಜಾಜಿಯವರ ಅಳಿಯರಾದರು, ದೆಹಲಿಯಲ್ಲಿ ಪತ್ರಿಕಾ ಸಂಪಾದಕರಾದರು. ಒಂದೇ ಮನೆಯ ಮಕ್ಕಳಲ್ಲಿ ಮರಳುವಿಕೆ ಒಬ್ಬರಿಗೆ ಒಗ್ಗಿತು, ಒಬ್ಬರಿಗೆ ಒಗ್ಗಲಿಲ್ಲ, ಒಬ್ಬರನ್ನು ಮುರಿಯಿತು.

ಕೊಚರಬಿನ ಮನೆಯೂ ಉಳಿಯಲಿಲ್ಲ. 1917ರಲ್ಲಿ ಹಳ್ಳಿಗೆ ಪ್ಲೇಗ್ ಬಂದಿತು. ಅವಸರದಲ್ಲಿ ಸಾಬರಮತಿ ನದಿಯ ದಂಡೆಯಲ್ಲಿ, ಜೈಲಿನ ಸಮೀಪ, ಜಾಗ ಕೊಂಡು ಹೋದರು. ಸತ್ಯಾಗ್ರಹಿಗಳಿಗೆ ಜೈಲು ಹೇಗೂ ತಪ್ಪದ್ದು, ಹತ್ತಿರವಿದ್ದರೆ ಒಳ್ಳೆಯದೇ ಎಂಬುದು ಗಾಂಧಿಯವರ ಲೆಕ್ಕ. ಆ ನೆಲದಲ್ಲಿ ಕಟ್ಟಡವಿರಲಿಲ್ಲ, ಮರವೂ ಇರಲಿಲ್ಲ, ಹಾವುಗಳು ಮಾತ್ರ ಬೇಕಾದಷ್ಟಿದ್ದವು. ವಾಸಕ್ಕೆ ಡೇರೆ, ಅಡುಗೆಗೆ ತಗಡಿನ ಮಾಡು. ಆಗ ಒಟ್ಟು ನಲವತ್ತಕ್ಕೂ ಹೆಚ್ಚು ಮಂದಿ. ಪಾಲನಪುರದಿಂದ ಬಂದ ನೇಯ್ಗೆಗಾರನಿಂದ ಕಲಿತ ವಿದ್ಯೆಗೆ, ಗಂಗಾಬೆನ್ ಮಜುಮದಾರ್ ಅವರು ವಿಜಾಪುರದ ಮನೆಗಳ ಅಟ್ಟದಿಂದ ಹುಡುಕಿ ತೆಗೆದ ಚರಕ ಜೊತೆಯಾಯಿತು. 1915ರಲ್ಲಿ ಊರಿಗೆ ಬಂದಾಗ ಗಾಂಧಿಯವರು ಚರಕವನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ಊರಿನ ಅತ್ಯಂತ ಹಳೆಯ ವಸ್ತುವನ್ನು ಊರಿನವರು ಅಟ್ಟಕ್ಕೇರಿಸಿ ಮರೆತಿದ್ದರು. ಹೊರಗಿನಿಂದ ಬಂದವರು ಅದನ್ನು ಕೇಳಿಕೊಂಡು ಬಂದರು.

ಎರಡು ಮರಳುವಿಕೆಗಳನ್ನು ಈಗ ಪಕ್ಕಪಕ್ಕದಲ್ಲಿಟ್ಟು ನೋಡೋಣ. 1902ರಲ್ಲಿ ಈ ಕುಟುಂಬ ಊರಿನ ಅಳತೆಗೆ ತನ್ನನ್ನು ಕತ್ತರಿಸಿಕೊಂಡಿತು. ಸಾಂತಾಕ್ರೂಜಿನ ಮನೆಗೂ ಮೊದಲ ದರ್ಜೆಯ ಡಬ್ಬಿಗೂ ಯಾರ ಆಕ್ಷೇಪವೂ ಇರಲಿಲ್ಲ. 1915ರಲ್ಲಿ ಅದು ಹೊರಗೆ ಕಲಿತ ಬಾಳುವೆಯನ್ನು ಊರಿನೊಳಕ್ಕೆ ತಂದಿತು. ಆಗ ಬಾವಿಯ ನೀರಿಗೂ ತಕರಾರು ಎದ್ದಿತು. ಚರಿತ್ರೆ ನೆನಪಿಟ್ಟುಕೊಂಡದ್ದು ಎರಡನೆಯದನ್ನು, ಅದು ಸರಿಯೂ ಹೌದು. ಆದರೆ ಅದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ತತ್ತ್ವವನ್ನು ನಿರ್ಧರಿಸಿದವರು ಒಬ್ಬರು. ಅದನ್ನು ದಿನಕ್ಕೆರಡು ಹೊತ್ತು ಒಲೆಯ ಮುಂದೆ ನಿಂತು ನಡೆಸಿದವರು ಕಸ್ತೂರಬಾ, ಸಂತೋಕ್ ಮತ್ತು ದಾನೀಬೆನ್. ಮೂವರಲ್ಲಿ ಇಬ್ಬರು ತಮ್ಮ ಸಂಸ್ಕಾರದೊಡನೆ ಹೋರಾಡಿದರು, ಒಬ್ಬರು ಆ ಇಬ್ಬರ ಸಂಸ್ಕಾರವನ್ನು ಸಹಿಸಿದರು.

ನಮ್ಮಲ್ಲಿ ಹಲವರು ನಿವೃತ್ತಿಯಾದ ಮೇಲೆ ಊರಿಗೆ ಹೋಗುವ ಮಾತನ್ನು ಆಡುತ್ತಿರುತ್ತೇವೆ. ನಮ್ಮಂತಹ ಕೇಂದ್ರ ಸರ್ಕಾರದ ನೌಕರರಿಗೆ ವರ್ಗಾವಣೆಯ ಆದೇಶದೊಡನೆ ಪೆಟ್ಟಿಗೆ ಕಟ್ಟುವುದೂ ಬಿಚ್ಚುವುದೂ ಅಭ್ಯಾಸವಾದ ಕೆಲಸ. ಆದರೂ ಆ ಕೊನೆಯ ಪ್ರಯಾಣವನ್ನು ಮಾತ್ರ ನಾವು ಬೇರೆಯೇ ಎಂದು ಎಣಿಸುತ್ತೇವೆ. ಆ ಮಾತಿನಲ್ಲಿ ಬರುವ ಊರು ನಾವು ಬಿಟ್ಟಾಗಿನ ಊರು. ಮುಂಬಯಿಯಲ್ಲೋ ಚೆನ್ನೈಯಲ್ಲೋ ನಾವು ಯಾರ ಕೈಯ ನೀರು ಕುಡಿದೆವು, ಯಾರ ಮನೆಯಲ್ಲಿ ಉಂಡೆವು, ಮಕ್ಕಳು ಯಾರನ್ನು ಮದುವೆಯಾದರು ಎಂಬುದನ್ನು ಅಲ್ಲಿಗೆ ಹೋದ ಮೇಲೆ ಹೇಳಿಕೊಳ್ಳುತ್ತೇವೆಯೇ, ಅಥವಾ ಹೊಸಿಲ ಆಚೆಗೇ ಬಿಟ್ಟು ಒಳಗೆ ಹೋಗುತ್ತೇವೆಯೇ? ಹೇಳಿಕೊಂಡರೆ ಅದರ ಭಾರವನ್ನು ಮನೆಯಲ್ಲಿ ಯಾರು ಹೊರುತ್ತಾರೆ? ಕೊಚರಬಿನ ಆ ಬಂಗಲೆ ಇಂದಿಗೂ ಅಹಮದಾಬಾದಿನಲ್ಲಿದೆ. ಆ ಕಡೆಗೆ ಹೋದವರು ಸಾಬರಮತಿಯನ್ನು ನೋಡಿ ಬರುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಊರಿಗೆ ಮರಳಬೇಕೆಂದಿರುವವರು ಮೊದಲು ನೋಡಬೇಕಾದ ಮನೆ ಅದೇ ಎಂದು ನಮ್ಮ ಭಾವನೆ.